ಪ್ರತಿ ಬೇರೆ, ನಕಲು ಬೇರೆ



ಈ ಸಲದ ಬರಹ ಹಳೆಯ ನೆನಪುಗಳ ಬುತ್ತಿಯಲ್ಲ, ಒಂದು ವಾದ. ವಾದವೆಂದ ಮೇಲೆ ಎದುರಾಳಿಗಳೂ ಇರಬೇಕಲ್ಲವೆ? ನನ್ನ ಎದುರಾಳಿಗಳು ಎರಡು ಬಗೆಯವರು. ಹಿರಿಯ ಕಲಾವಿದರ ಕೃತಿಗಳನ್ನು ನೋಡಿ ಬರೆಯುವುದು ಕೀಳು ಕೆಲಸ, ಅದರಿಂದ ಸ್ವಂತಿಕೆ ಸಾಯುತ್ತದೆ ಎಂದು ಮಕ್ಕಳಿಗೆ ಬೋಧಿಸುವ ಪಂಡಿತರು ಮೊದಲನೆಯವರು. ಚಿತ್ರಶಾಲೆ, ವಸ್ತುಸಂಗ್ರಹಾಲಯಗಳಲ್ಲಿ ಹಲಗೆ-ಪೆನ್ಸಿಲು ಹಿಡಿದು ಕುಳಿತವರನ್ನು ‘ಮುಂದೆ ನಡೆಯಿರಿ’ ಎಂದು ಎಬ್ಬಿಸುವವರು ಎರಡನೆಯವರು. ಈ ಇಬ್ಬರೂ ಸೇರಿ ನಮ್ಮ ಹಳ್ಳಿಗಾಡಿನ ಮಕ್ಕಳಿಗೆ ಮಾಡುತ್ತಿರುವ ಹಾನಿಯನ್ನು ಕುರಿತು ಮೌನವಾಗಿರುವುದು ಇನ್ನು ನನ್ನಿಂದಾಗದು.

ನಮ್ಮೂರಿನವನೇ ಆದ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು ಚಿತ್ರಕಲೆಯನ್ನು ಅಭ್ಯಾಸ ಮಾಡುತ್ತಿದ್ದಾಳೆ. ದೀಪಾವಳಿಗೆ ಚಿಮ್ಮಡಕ್ಕೆ ಬಂದಾಗ ತನ್ನ ಹಾಳೆಗಳನ್ನೆಲ್ಲ ನನ್ನೆದುರು ಹರವಿದಳು. ಬಾದಾಮಿಯ ಮೂರನೆಯ ಗುಹೆಯ ಕಂಬದ ಮೇಲಿನ ದಂಪತಿಶಿಲ್ಪವನ್ನು ಪೆನ್ಸಿಲಿನಲ್ಲಿ ಬರೆದ ಹಾಳೆಯೊಂದಿತ್ತು. ಸೊಂಟದ ಬಳುಕು, ತೋಳಿನ ಭಾರ, ಮರದ ಕೊಂಬೆಯ ಬಾಗು, ಎಲ್ಲವೂ ಕಷ್ಟಪಟ್ಟು ಕಂಡುಕೊಂಡಂತಹವು. ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ; ಕೆಳಗೆ ‘ಇದು ನಕಲು, ನಿನ್ನದನ್ನು ತಾ’ ಎಂಬ ಷರಾ. ಆ ಹುಡುಗಿ ಕೇಳಿದಳು: “ಅಜ್ಜಾರ, ನನ್ನದು ಅನ್ನೂದನ್ನ ಎಲ್ಲಿಂದ ತರ್ಲಿ?” ಷರಾ ಬರೆದ ಅಧ್ಯಾಪಕರು ಯಾರೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇಲ್ಲ. ಅವರದು ಒಬ್ಬರ ಅಭಿಪ್ರಾಯವಲ್ಲ, ಒಂದು ಕಾಲದ ರೋಗ.

ಕನ್ನಡದಲ್ಲಿ ಇದಕ್ಕೆ ಎರಡು ಮಾತುಗಳಿವೆ. ಅವೆರಡನ್ನೂ ನಾವು ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಟ್ಟಿದ್ದೇವೆ. ‘ನಕಲು’ ಎಂಬುದು ಅರಬ್ಬಿಯಿಂದ ಕಚೇರಿಗಳ ದಾರಿಯಾಗಿ ನಮ್ಮಲ್ಲಿಗೆ ಬಂದ ಶಬ್ದ. ಪಹಣಿಯ ನಕಲು, ಆದೇಶದ ನಕಲು ಎನ್ನುವಲ್ಲಿ ಅದು ನಿರುಪದ್ರವಿ. ಪರೀಕ್ಷಾ ಕೊಠಡಿಯನ್ನು ಹೊಕ್ಕ ಮೇಲೆ ಅದು ಕಳ್ಳತನದ ಹೆಸರಾಯಿತು. ‘ಪ್ರತಿ’ ಎಂಬ ಮಾತಿಗೆ ಬೇರೆಯದೇ ಘನತೆ ಇದೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ನಾವು ಮಕ್ಕಳಿಗೆ ಪಾಠ ಹೇಳುವಾಗ ಆಕೆಯನ್ನು ನಕಲುಗಾರ್ತಿ ಎಂದು ಯಾರೂ ಕರೆಯುವುದಿಲ್ಲ. ಓಲೆಗರಿಯ ಮೇಲೆ ಕಂಠ ಹಿಡಿದು ಕೂತ ಆ ಹೆಸರಿಲ್ಲದ ಲಿಪಿಕಾರರು ಇರದಿದ್ದರೆ ನಮ್ಮ ಹಳೆಗನ್ನಡದ ಕಾವ್ಯಗಳಲ್ಲಿ ಎಷ್ಟು ಉಳಿಯುತ್ತಿದ್ದವು? ತನ್ನದಲ್ಲದ್ದನ್ನು ತನ್ನದೆಂದು ಹೇಳಿಕೊಳ್ಳುವುದು ನಕಲು. ಇದು ಇಂಥವರದು ಎಂದು ಹೇಳಿಯೇ, ಅದರ ಮುಂದೆ ಕುಳಿತು, ಗೆರೆಗೆರೆಯನ್ನೂ ಅರಿತು ಮತ್ತೊಮ್ಮೆ ಬರೆಯುವುದು ಪ್ರತಿ. ಈ ಭೇದವನ್ನು ಅರಿಯದವರು ಕಲೆಯನ್ನು ಕಲಿಸಲು ಹೊರಟರೆ ಷರಾಗಳಷ್ಟೇ ಹುಟ್ಟುತ್ತವೆ.

ಇನ್ನೊಂದು ಮಾತನ್ನೂ ನೆನಪಿಸಿಕೊಳ್ಳಿ: ಮೇಲ್ಪಂಕ್ತಿ. ಕಾಪಿಪುಸ್ತಕದ ಮೊದಲ ಸಾಲಿನಲ್ಲಿ ಗುರು ಬರೆದುಕೊಡುವ ದುಂಡನೆಯ ಅಕ್ಷರಗಳಿಗೆ ನಾವು ಮೇಲ್ಪಂಕ್ತಿ ಎನ್ನುತ್ತೇವೆ. ಅದೇ ಶಬ್ದ ಮುಂದೆ ‘ಆದರ್ಶ’ ಎಂಬ ಅರ್ಥಕ್ಕೆ ಏರಿತು. ನಿಮ್ಮಲ್ಲಿ ಬಹಳಷ್ಟು ಮಂದಿ ನಾನು ಬರೆದುಕೊಟ್ಟ ಮೇಲ್ಪಂಕ್ತಿಯನ್ನು ತಿದ್ದಿದವರು. ಒಂದೇ ಕೋಣೆಯಲ್ಲಿ ಒಂದೇ ಮಾದರಿಯನ್ನು ತಿದ್ದಿದ ನಲವತ್ತು ಮಕ್ಕಳು ಮುಂದೆ ಒಂದೇ ಕೈಬರಹದವರಾದರೆ? ಹೆಸರು ಬರೆಯದ ಉತ್ತರಪತ್ರಿಕೆಯನ್ನು ಕೊಟ್ಟರೂ ‘ಕ’ದ ತಲೆಕಟ್ಟನ್ನು ನೋಡಿಯೇ ಇದು ಯಾರದೆಂದು ಹೇಳುತ್ತಿದ್ದೆ, ನಿಮಗೇ ಗೊತ್ತಿದೆ. ತಿದ್ದಿದ್ದು ನನ್ನ ಅಕ್ಷರ, ಮೂಡಿದ್ದು ನಿಮ್ಮ ಅಕ್ಷರ. ಪ್ರತಿ ಮಾಡುವುದರಿಂದ ಸ್ವಂತಿಕೆ ಸಾಯುತ್ತದೆ ಎನ್ನುವವರು ಮೊದಲು ಈ ಸಾಮಾನ್ಯ ಅನುಭವಕ್ಕೆ ಉತ್ತರ ಹೇಳಲಿ.

ನಮ್ಮ ಸೀಮೆಯ ಹೆಣ್ಣುಮಕ್ಕಳ ಕಸೂತಿಯನ್ನೇ ನೋಡಿ. ಬಟ್ಟೆಯ ಮೇಲೆ ಮೊದಲೇ ಗೆರೆ ಹಾಕಿಕೊಳ್ಳುವ ಪದ್ಧತಿ ಅದರಲ್ಲಿಲ್ಲ. ಅಜ್ಜಿಯ ಇಳಕಲ್ಲ ಸೀರೆಯ ಸೆರಗನ್ನು ತೊಡೆಯ ಮೇಲೆ ಹರವಿಕೊಂಡು, ಎಳೆ ಎಣಿಸಿ, ಗವಂತಿ ಎಷ್ಟು, ಮುರ್ಗಿ ಎಷ್ಟು ಎಂದು ಲೆಕ್ಕ ಹಿಡಿದು, ಗೋಪುರ, ತೇರು, ತುಳಸಿಕಟ್ಟೆಗಳನ್ನು ಹೊಸ ಬಟ್ಟೆಗೆ ಇಳಿಸಬೇಕು. ಹತ್ತು ಗೋಪುರಗಳನ್ನು ಹೀಗೆ ಇಳಿಸಿದ ಮೇಲೆ ಹನ್ನೊಂದನೆಯದಕ್ಕೆ ಆಕೆ ತನ್ನದೊಂದು ಕಳಸ ಇಡುತ್ತಾಳೆ. ಮಗ್ಗಗಳ ಸದ್ದಿನಲ್ಲೇ ಬೆಳೆದ ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ. ಹಳೆಯ ದಡಿಯನ್ನು ಎಳೆ ಎಣಿಸಿ ಓದಬಲ್ಲವನಿಗೇ ಹೊಸ ದಡಿ ಹೊಳೆಯುವುದು.

ಸಂಗೀತದಲ್ಲಂತೂ ಇದು ಪ್ರಶ್ನೆಯೇ ಅಲ್ಲ. ಮಲ್ಲಿಕಾರ್ಜುನ ಮನಸೂರರು ನೀಲಕಂಠಬುವಾ ಆಲೂರಮಠರ ಬಳಿ, ಆಮೇಲೆ ಜೈಪುರ ಘರಾಣೆಯ ಮಂಜಿಖಾನರು, ಭುರ್ಜಿಖಾನರ ಬಳಿ ಕುಳಿತು ಗುರು ಹಾಡಿದ್ದನ್ನು ಹಾಡಿ ಹಾಡಿ ಕಲಿತರು. ಹಾಗೆ ಕಲಿತ ಮನಸೂರರ ಧ್ವನಿಯನ್ನು ಬೇರೆ ಯಾರದೋ ಧ್ವನಿ ಎಂದು ಭ್ರಮಿಸಿದವರುಂಟೆ? ಹಾಡುಗಾರನಿಗೆ ಗುರುವಿನ ಗಂಟಲು ಬೇಕು, ನೇಕಾರನಿಗೆ ಹಳೆಯ ದಡಿ ಬೇಕು, ಚಿತ್ರಕಾರನಿಗೆ ಮಾತ್ರ ಯಾರ ಹಂಗೂ ಬೇಡ, ಎಲ್ಲವೂ ಅವನೊಳಗಿಂದಲೇ ಉಕ್ಕಿಬರಬೇಕು ಎನ್ನುವ ತರ್ಕ ನನಗೆ ಅರ್ಥವಾಗುವುದಿಲ್ಲ.

ಈ ತರ್ಕವನ್ನು ನಾವು ಪಶ್ಚಿಮದಿಂದ ಕಲಿತೆವೆಂದು ಕೆಲವರು ಹೆಮ್ಮೆಪಡುತ್ತಾರೆ. ಪಶ್ಚಿಮದವರು ಏನು ಮಾಡಿದರು ಎಂಬುದನ್ನಾದರೂ ಅವರು ನೋಡಬೇಕಿತ್ತು. ಪ್ಯಾರಿಸಿನ ಲೂವ್ರ್ ಅರಮನೆ 1793ರಲ್ಲಿ ಸಾರ್ವಜನಿಕ ಸಂಗ್ರಹಾಲಯವಾದಾಗ, ಆಗಿನ ಕ್ರಾಂತಿ ಸರಕಾರದ ಹತ್ತು ದಿನಗಳ ವಾರದಲ್ಲಿ ಸಾಮಾನ್ಯ ಜನರಿಗಿಂತ ಹೆಚ್ಚು ದಿನಗಳನ್ನು ಕಲಾವಿದರಿಗೆ ಮೀಸಲಿಟ್ಟಿತ್ತು. ಬಂದು ಕುಳಿತು ಹಿರಿಯರ ಕೃತಿಗಳನ್ನು ಪ್ರತಿ ಮಾಡಿಕೊಳ್ಳಲಿ ಎಂಬುದೇ ಅದರ ಉದ್ದೇಶ. ಆ ಪದ್ಧತಿ ಇಂದಿಗೂ ನಿಂತಿಲ್ಲ. ಅನುಮತಿ ಪತ್ರ ಪಡೆದವರು ಬೆಳಗಿನ ಹೊತ್ತು ಅಲ್ಲಿ ಚೌಕಟ್ಟು ನಿಲ್ಲಿಸಿಕೊಂಡು ಬಣ್ಣ ಹಚ್ಚುತ್ತಾರೆ. ಪ್ರವಾಸಿಗರು ಅವರ ಹಿಂದೆ ನಿಂತು ನೋಡುತ್ತಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 1872ರಿಂದಲೂ, ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆ 1941ರಲ್ಲಿ ಬಾಗಿಲು ತೆರೆದಂದಿನಿಂದಲೂ ಪ್ರತಿ ಮಾಡುವವರನ್ನು ಬರಮಾಡಿಕೊಂಡಿವೆ.

ಅಲ್ಲಿ ಕುಳಿತವರು ಯಾರು? ದೆಲಾಕ್ರ್ವಾ ರೂಬೆನ್ಸನ ಚಿತ್ರಗಳನ್ನು ಪ್ರತಿ ಮಾಡಿದ. ಆ ರೂಬೆನ್ಸ್ ತನ್ನ ಕಾಲದಲ್ಲಿ ಟಿಷಿಯನ್ನನನ್ನು ಪ್ರತಿ ಮಾಡಿದ್ದ. ದೆಗಾ ಪೂಸ್ಸೇನನನ್ನು, ಮಾತಿಸ್ ಶಾರ್ದೇನನನ್ನು ಪ್ರತಿ ಮಾಡಿದರು. ಆಧುನಿಕ ಚಿತ್ರಕಲೆಯ ಪಿತಾಮಹನೆಂದು ಎಲ್ಲರೂ ಕೈಮುಗಿಯುವ ಸೆಜಾನ್ ಲೂವ್ರಿನ ಚಿತ್ರ-ಶಿಲ್ಪಗಳೆದುರು ಜೀವಮಾನವಿಡೀ ಪೆನ್ಸಿಲು ಹಿಡಿದು ಕುಳಿತವನು. ವಾನ್ ಗೋ 1889-90ರಲ್ಲಿ ಆಸ್ಪತ್ರೆಯಲ್ಲಿದ್ದಾಗ ಮಿಲೆಯ ರೈತಚಿತ್ರಗಳ ಕಪ್ಪು-ಬಿಳುಪು ಮುದ್ರಣಗಳನ್ನು ಮುಂದಿಟ್ಟುಕೊಂಡು ತನ್ನ ಬಣ್ಣಗಳಲ್ಲಿ ಮತ್ತೆ ಬರೆದ. ಬೇರೊಬ್ಬರ ರಚನೆಯನ್ನು ಸಂಗೀತಗಾರ ನುಡಿಸುವಂತೆ ತಾನಿದನ್ನು ಮಾಡುತ್ತಿದ್ದೇನೆಂದು ತಮ್ಮನಿಗೆ ತಿಳಿಸಿದ. ಇವರಲ್ಲಿ ಯಾರ ಸ್ವಂತಿಕೆ ಸತ್ತಿತು? ಪೂರ್ವದ ಕಡೆಗೆ ತಿರುಗಿದರೂ ಅದೇ ಮಾತು. ಸುಮಾರು ಸಾವಿರದೈನೂರು ವರ್ಷಗಳ ಹಿಂದೆ ಚೀನದ ಷಿಯೆ ಹೆ ಎಂಬ ವಿಮರ್ಶಕ ಚಿತ್ರಕಲೆಗೆ ಆರು ಸೂತ್ರಗಳನ್ನು ಹೇಳಿದ. ಹಿರಿಯರ ಕೃತಿಗಳನ್ನು ಪ್ರತಿ ಮಾಡಿ ಮುಂದಿನವರಿಗೆ ಮುಟ್ಟಿಸುವುದು ಅವುಗಳಲ್ಲಿ ಆರನೆಯದು.

ನಮ್ಮ ಹೆಣ್ಣುಮಕ್ಕಳು ಗಮನಿಸಬೇಕಾದ ಸಂಗತಿಯೊಂದಿದೆ. ಪ್ಯಾರಿಸಿನ ಸರಕಾರಿ ಕಲಾಶಾಲೆಯು 1897ರವರೆಗೆ ಹೆಣ್ಣುಮಕ್ಕಳನ್ನು ವಿದ್ಯಾರ್ಥಿನಿಯರಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಆದರೆ ಲೂವ್ರಿನಲ್ಲಿ ಕುಳಿತು ಪ್ರತಿ ಮಾಡಲು ಅವರಿಗೆ ಅಡ್ಡಿಯಿರಲಿಲ್ಲ. ಬರ್ತ್ ಮೊರಿಸೊಳಂಥ ಕಲಾವಿದೆ ಅಲ್ಲಿಯೇ ಕುಳಿತು ಕೈ ಪಳಗಿಸಿಕೊಂಡಳು. ಶಾಲೆ ಮುಚ್ಚಿದ ಬಾಗಿಲನ್ನು ಸಂಗ್ರಹಾಲಯ ತೆರೆಯಿತು. ಶುಲ್ಕ ಕಟ್ಟಿ ದೊಡ್ಡ ಊರಿನ ಕಲಾಶಾಲೆಯನ್ನು ಸೇರಲಾರದ ನಮ್ಮ ಕೂಲಿಕಾರರ, ನೇಕಾರರ, ಒಕ್ಕಲಿಗರ ಮಕ್ಕಳಿಗೆ ಇಂಥ ಇನ್ನೊಂದು ಬಾಗಿಲು ಬೇಡವೆ? ನನ್ನ ವಾದದ ತಿರುಳು ಇಲ್ಲಿದೆ.

ಹಿಂದೆ ನಮ್ಮ ದೇಶದಲ್ಲಿ ಈ ಕೆಲಸ ನಡೆದಿಲ್ಲವೆಂದಲ್ಲ. ಅಜಂತೆಯ ಭಿತ್ತಿಚಿತ್ರಗಳನ್ನು ಮೇಜರ್ ರಾಬರ್ಟ್ ಗಿಲ್ 1844ರಿಂದ ಮೊದಲ್ಗೊಂಡು ಹಲವಾರು ವರ್ಷಗಳ ಕಾಲ ಪ್ರತಿ ಮಾಡಿದ. ಲಂಡನ್ನಿಗೆ ಕಳುಹಿಸಿದ ಆ ಕೃತಿಗಳಲ್ಲಿ ಹೆಚ್ಚಿನವು 1866ರಲ್ಲಿ ಸ್ಫಟಿಕದರಮನೆಗೆ ಬಿದ್ದ ಬೆಂಕಿಯಲ್ಲಿ ಬೂದಿಯಾದವು. 1872ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯ ಜಾನ್ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳೊಡನೆ ಮತ್ತೆ ಮೊದಲಿನಿಂದ ಆರಂಭಿಸಿದ. ಹದಿಮೂರು ವರ್ಷಗಳ ಆ ದುಡಿಮೆಯ ಒಂದು ಪಾಲು 1885ರಲ್ಲಿ ಲಂಡನ್ನಿನ ಮತ್ತೊಂದು ಬೆಂಕಿಗೆ ಆಹುತಿಯಾಯಿತು. ಮೂರನೆಯ ಸಲ ಲೇಡಿ ಹೆರಿಂಗ್‌ಹ್ಯಾಮ್ 1909ರಿಂದ 1911ರ ನಡುವಿನ ಚಳಿಗಾಲಗಳಲ್ಲಿ ಅಜಂತೆಗೆ ಬಂದರು. ಆಗ ಅವರ ಜೊತೆ ಗುಹೆಗಳೊಳಗೆ ಕುಳಿತು ಗೆರೆ ಎಳೆದ ತರುಣರಲ್ಲಿ ನಂದಲಾಲ ಬೋಸ್, ಅಸಿತಕುಮಾರ ಹಲದಾರ್, ಸಮರೇಂದ್ರನಾಥ ಗುಪ್ತರೊಡನೆ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಯಾರ ಹೆಸರಿನ ಚಿತ್ರಶಾಲೆ ಇದೆಯೋ ಅದೇ ವೆಂಕಟಪ್ಪನವರು. ಅವರ ನೀಲಗಿರಿಯ ಜಲವರ್ಣಚಿತ್ರಗಳನ್ನು ನೋಡಿದವರು ಅವು ಅಜಂತೆಯ ನಕಲೆಂದು ಹೇಳುವ ಧೈರ್ಯ ಮಾಡಲಾರರು. ನಂದಲಾಲರು ಮುಂದೆ ಶಾಂತಿನಿಕೇತನದಲ್ಲಿ ಒಂದು ತಲೆಮಾರನ್ನೇ ಬೆಳೆಸಿದರು. ಇವರೆಲ್ಲ ಅಜಂತೆಯ ಗೋಡೆಯನ್ನು ಮೇಲ್ಪಂಕ್ತಿಯಾಗಿ ತಿದ್ದಿದವರು.

ಇನ್ನು ನಮ್ಮ ಮನೆಯಂಗಳಕ್ಕೇ ಬರೋಣ. ಚಿಮ್ಮಡದಿಂದ ಸುಮಾರು ನೂರು ಕಿಲೋಮೀಟರು ದೂರದಲ್ಲಿ ಬಾದಾಮಿ ಇದೆ. ಅಲ್ಲಿನ ಮೂರನೆಯ ಗುಹೆಯನ್ನು ಚಾಲುಕ್ಯ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಲೇಶ ಮಾಡಿಸಿದ. ಶಕವರ್ಷ 500, ಅಂದರೆ ಕ್ರಿ.ಶ. 578 ಎಂದು ಶಾಸನವೇ ಹೇಳುತ್ತದೆ. ಅಲ್ಲಿಯ ತ್ರಿವಿಕ್ರಮನನ್ನೂ ಅನಂತನ ಮೇಲೆ ಕುಳಿತ ವಿಷ್ಣುವನ್ನೂ ನೀವೆಲ್ಲ ಕಂಡಿದ್ದೀರಿ. ಆದರೆ ಮುಂಭಾಗದ ಬಾಗಿದ ಕಪೋತದ ಒಳಮೈಯಲ್ಲಿ ಬಣ್ಣದ ಚಿತ್ರಗಳಿವೆಯೆಂಬುದನ್ನು ಕತ್ತೆತ್ತಿ ನೋಡಿದವರೆಷ್ಟು ಮಂದಿ? ರಾಜಪರಿವಾರದ ಆಕೃತಿಗಳು, ವಾದ್ಯಗಾರರ ನಡುವೆ ನರ್ತಿಸುವವರು, ಚಾಮರ ಹಿಡಿದವರು. ಯಾವ ಪ್ರಸಂಗವೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಹಿಂದೂ ದೇವಾಲಯಗಳಲ್ಲಿ ಉಳಿದುಬಂದ ಅತಿ ಪ್ರಾಚೀನ ಚಿತ್ರಗಳ ಸಾಲಿಗೆ ಇವು ಸೇರುತ್ತವೆ. ಕಳೆದ ಶತಮಾನದಲ್ಲಿ ಸ್ಟೆಲ್ಲಾ ಕ್ರಾಮ್ರಿಷ್ ಎಂಬ ವಿದುಷಿ ಇವುಗಳ ಬಗ್ಗೆ ಬರೆದು ಕಲಾಲೋಕದ ಕಣ್ಣು ತೆರೆಸಿದರು. ಜೆ.ಜೆ. ಕಲಾಶಾಲೆಯ ಜೆ.ಎಂ. ಅಹಿವಾಸಿಯವರು ಲಲಿತ ಕಲಾ ಅಕಾಡೆಮಿಗಾಗಿ ತಮ್ಮ ಶಿಷ್ಯರೊಡನೆ ಇವುಗಳ ಪ್ರತಿ ಮಾಡಿದರು.

ಯೋಚಿಸಿ ನೋಡಿ. ಆ ಚಿತ್ರಗಳು ಗಾಳಿ ಬೆಳಕುಗಳಿಗೆ ತೆರೆದುಕೊಂಡು ಹದಿನಾಲ್ಕು ಶತಮಾನಗಳಿಂದ ಸವೆಯುತ್ತಿವೆ. ಇಂದು ನಿಂತು ನೋಡಿದರೆ ಒಂದು ಮುಖ, ಒಂದು ತೋಳು, ಒಂದು ಕಿರೀಟದ ಅಂಚು ಅಷ್ಟೇ ಕಣ್ಣಿಗೆ ಸಿಗುತ್ತದೆ. ಅಳಿಸಿದ ಗೆರೆ ಎತ್ತ ಹೋಗುತ್ತಿತ್ತು ಎಂಬುದು ಕ್ಯಾಮೆರಾಕ್ಕೆ ತಿಳಿಯದು. ಅದು ಇದ್ದದ್ದನ್ನು ಇದ್ದಂತೆ ಹಿಡಿಯುತ್ತದೆ. ದಿನಗಟ್ಟಲೆ ಎದುರು ನಿಂತ ನುರಿತ ಕೈ ಮಾತ್ರ ಅರ್ಧ ಉಳಿದ ಭುಜದಿಂದ ಮೊಣಕೈಯನ್ನು ಊಹಿಸಬಲ್ಲದು, ಎಲ್ಲಿ ಊಹಿಸಬಾರದೆಂಬುದನ್ನೂ ಅರಿಯಬಲ್ಲದು. ಅಂಥ ಕೈಗಳು ಇಂದು ಬಾಗಲಕೋಟೆ ಜಿಲ್ಲೆಯಲ್ಲಿ ಎಷ್ಟಿವೆ? ನಮ್ಮ ನೆಲದ ಚಿತ್ರವನ್ನು ನಮ್ಮ ಮಕ್ಕಳೇ ಓದಲಾರದ ಸ್ಥಿತಿ ಬಂದರೆ ಅದಕ್ಕೆ ಕಾಲವನ್ನು ದೂರಿ ಪ್ರಯೋಜನವಿಲ್ಲ.

ಎದುರುವಾದಗಳಿಗೂ ಉತ್ತರ ಹೇಳುವುದು ನ್ಯಾಯ. ಮೊದಲನೆಯದು: ಪ್ರತಿ ಮಾಡುವವರಿಂದ ಮೂಲಕ್ಕೆ ಹಾನಿಯಾಗುತ್ತದೆ. ನಿಜ, ಆಗಿದೆ. ಅಜಂತೆಯಲ್ಲಿ ಬಣ್ಣ ಎದ್ದು ಕಾಣಲೆಂದು ಗ್ರಿಫಿತ್ಸನ ತಂಡ ಭಿತ್ತಿಗಳಿಗೆ ವಾರ್ನಿಷು ಬಳಿಯಿತು. ಅದು ಮುಂದೆ ಹಳದಿಗಟ್ಟಿ, ಕಪ್ಪಾಗಿ, ಚಿತ್ರಗಳನ್ನು ಮಬ್ಬುಗೊಳಿಸಿತು. ಆದರೆ ಅದರಿಂದ ಕಲಿಯಬೇಕಾದ ಪಾಠವೆಂದರೆ ಮೂಲವನ್ನು ಮುಟ್ಟಬಾರದೆಂಬುದು. ಮೂಲದ ಎದುರು ಕೂರಬಾರದೆಂಬುದಲ್ಲ. ಪೆನ್ಸಿಲು ಹಿಡಿದು ಹತ್ತು ಅಡಿ ದೂರದಲ್ಲಿ ಕುಳಿತ ಬಾಲಕನಿಂದ ಮರಳುಗಲ್ಲಿಗೆ ಯಾವ ಅಪಾಯ? ಕಂಬಕ್ಕೆ ಒರಗಿ, ಶಿಲ್ಪದ ಭುಜದ ಮೇಲೆ ಕೈಯಿಟ್ಟು, ಮೊಬೈಲಿನಲ್ಲಿ ತನ್ನ ಮುಖ ಹಿಡಿದುಕೊಳ್ಳುವವನಿಗಿಂತ ಇವನು ನಿರಪಾಯಕಾರಿ.

ಎರಡನೆಯದು: ಪ್ರತಿಗಳನ್ನು ಮೂಲವೆಂದು ಮಾರುವ ವಂಚಕರು ಹುಟ್ಟುತ್ತಾರೆ. ಇದಕ್ಕೂ ಲೂವ್ರ್ ಹಿಂದೆಯೇ ಮದ್ದು ಅರೆದಿಟ್ಟಿದೆ. ಪ್ರತಿಯ ಅಳತೆ ಮೂಲದ ಅಳತೆಯಷ್ಟೇ ಇರುವಂತಿಲ್ಲ. ಐದನೆಯ ಒಂದು ಭಾಗದಷ್ಟು ದೊಡ್ಡದೋ ಚಿಕ್ಕದೋ ಆಗಿರಬೇಕು. ಮೂಲ ಕಲಾವಿದನ ಸಹಿಯನ್ನು ಪ್ರತಿಯಲ್ಲಿ ಬರೆಯುವಂತಿಲ್ಲ. ಎಷ್ಟು ಸರಳ ನಿಯಮ! ಮೋಸಕ್ಕೆ ಹೆದರಿ ಕಲಿಕೆಯನ್ನೇ ನಿಷೇಧಿಸುವುದು, ಪರೀಕ್ಷೆಯಲ್ಲಿ ಚೀಟಿ ತರುತ್ತಾರೆಂದು ಶಾಲೆಯಲ್ಲಿ ಕಾಗದವನ್ನೇ ನಿಷೇಧಿಸಿದಂತೆ.

ಮೂರನೆಯದು ಇಂದಿನ ವಾದ: ಎಲ್ಲ ಚಿತ್ರಗಳೂ ಮೊಬೈಲಿನಲ್ಲೇ ಸಿಗುತ್ತವೆ, ಬಾದಾಮಿಯ ಶೈಲಿಯಲ್ಲಿ ಒಂದು ಚಿತ್ರ ಬೇಕೆಂದು ಬೆರಳಾಡಿಸಿದರೆ ಯಂತ್ರವೇ ಕ್ಷಣದಲ್ಲಿ ಮಾಡಿಕೊಡುತ್ತದೆ, ಹಲಗೆ ಹೊತ್ತು ಗುಡ್ಡ ಹತ್ತುವ ಕಷ್ಟ ಯಾಕೆ? ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ ‘ದೀಪ ಹಿಡಿದ ಮಹಿಳೆ’ಯ ಕಥೆಯನ್ನು ಇವರಿಗೆ ಹೇಳಬೇಕು. ಆ ಚಿತ್ರ ಕ್ಯಾಲೆಂಡರುಗಳಲ್ಲಿ, ಗಾಜಿನ ಚೌಕಟ್ಟುಗಳಲ್ಲಿ, ಈಗ ಮೊಬೈಲುಗಳಲ್ಲಿ ನಾಡೆಲ್ಲ ಹರಡಿದೆ. ಬಹಳ ಜನ ಅದನ್ನು ರಾಜಾ ರವಿವರ್ಮನ ತೈಲಚಿತ್ರವೆಂದು ನಂಬಿದ್ದಾರೆ. ಅದು ರವಿವರ್ಮನದೂ ಅಲ್ಲ, ತೈಲಚಿತ್ರವೂ ಅಲ್ಲ. ಸಾವಂತವಾಡಿಯ ಎಸ್.ಎಲ್. ಹಳದಣಕರರು 1940ರ ದಶಕದಲ್ಲಿ ಕಾಗದದ ಮೇಲೆ ಬರೆದ ಜಲವರ್ಣಚಿತ್ರ ಅದು. ಅದಕ್ಕೆ ರೂಪದರ್ಶಿಯಾಗಿ ನಿಂತವರು ಅವರ ಮಗಳು. ಬೆರಳುಗಳ ಸಂದಿಯಿಂದ ತೂರಿಬರುವ ಆ ಬೆಳಕು ಬಿಳಿಯ ಬಣ್ಣ ಮೆತ್ತಿ ಮಾಡಿದ್ದೋ, ಕಾಗದದ ಬಿಳುಪನ್ನೇ ಬಿಟ್ಟು ಸಾಧಿಸಿದ್ದೋ ಎಂಬ ಪ್ರಶ್ನೆ ಅದರೆದುರು ಒಂದು ದಿನ ಕುಂಚ ಹಿಡಿದು ಕುಳಿತವನಿಗೆ ಏಳದೆ ಇರದು. ಸಾವಿರ ಸಲ ಮುದ್ರಣವಾದರೂ ಕರ್ತೃವಿನ ಹೆಸರು ಉಳಿಯಲಿಲ್ಲ. ಯಂತ್ರದ ನಕಲು ಹೆಸರನ್ನು ಅಳಿಸುತ್ತದೆ. ಕೈಯ ಪ್ರತಿ ಹೆಸರನ್ನು ಕೇಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಅನುಭವವನ್ನೂ ಹೇಳಲೇಬೇಕು. ನಿವೃತ್ತಿಗೆ ಕೆಲವು ವರ್ಷಗಳ ಮುಂಚೆ, ಡ್ರಾಯಿಂಗ್ ಲೋವರ್ ಪರೀಕ್ಷೆಗೆ ಕಟ್ಟಿದ್ದ ಹನ್ನೆರಡು ಮಕ್ಕಳನ್ನು ಕರೆದುಕೊಂಡು ನಾಡಿನ ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಹೆಸರು ಬೇಡ. ಮಕ್ಕಳು ಒಂದು ಶಿಲ್ಪದ ಮುಂದೆ ಸದ್ದಿಲ್ಲದೆ ಕುಳಿತು ಹಾಳೆ ತೆರೆದಿದ್ದರು. ಕಾವಲುಗಾರ ಬಂದು ಹೇಳಿದ: “ಚಿತ್ರ ಗಿತ್ರ ತಗಿಯೂ ಹಂಗಿಲ್ರಿ ಸರ, ನೋಡಕೋತ ಮುಂದ ನಡೀರಿ.” ಯಾವ ನಿಯಮದಲ್ಲಿದೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ, ಒಳಗೆ ಕುಳಿತ ಅಧಿಕಾರಿಗೂ ಗೊತ್ತಿರಲಿಲ್ಲ. ಆದರೂ ಏಳಬೇಕಾಯಿತು. ಅದೇ ಹೊತ್ತಿಗೆ ಅದೇ ಶಿಲ್ಪದ ಮುಂದೆ ಒಂದು ಕುಟುಂಬ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿತ್ತು. ಅವರಿಗೆ ಯಾರೂ ಏನೂ ಅನ್ನಲಿಲ್ಲ. ನೋಡುತ್ತ ಮುಂದೆ ನಡೆಯಬೇಕು, ನಿಂತು ನೋಡಬಾರದು! ನಮ್ಮ ಸಂಗ್ರಹಾಲಯಗಳ ಧೋರಣೆಯನ್ನು ಆ ಬಡ ಕಾವಲುಗಾರನಷ್ಟು ಸ್ಪಷ್ಟವಾಗಿ ಬೇರಾರೂ ಹೇಳಿದ್ದನ್ನು ನಾನು ಕೇಳಿಲ್ಲ. ತಪ್ಪು ಅವನದಲ್ಲ, ಅವನಿಗೆ ಹಾಗೆ ಕಲಿಸಿದವರದು.

ನಮ್ಮ ಶಾಲಾ ಪ್ರವಾಸಗಳೂ ಇದೇ ಧೋರಣೆಯ ಸಂತಾನ. ನಸುಕಿನ ಐದು ಗಂಟೆಗೆ ಬಸ್ಸು ಹೊರಟು ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಬನಶಂಕರಿ, ಬಾದಾಮಿ, ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿ ರಾತ್ರಿ ಊರು ಸೇರಬೇಕು. ಬಾದಾಮಿಯ ಪಾಲಿಗೆ ಸಂಜೆಯ ಒಂದು ತಾಸು, ಅದರಲ್ಲಿ ಮೂರನೆಯ ಗುಹೆಗೆ ಹತ್ತು ನಿಮಿಷ. ಆ ಹತ್ತು ನಿಮಿಷವೂ ಮಂಗಗಳಿಂದ ಬುತ್ತಿ ಕಾಯುವುದರಲ್ಲೇ ಸಂದುಹೋಗುತ್ತದೆ. ಐದು ಊರು ನೋಡಿದ ಮಗು ಒಂದು ಶಿಲ್ಪವನ್ನೂ ನೋಡಿರುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳನ್ನು ನೇರವಾಗಿ ಹೇಳುತ್ತೇನೆ. ಬಾದಾಮಿಯಲ್ಲಿ ಪುರಾತತ್ವ ಇಲಾಖೆಯ ಗುಹೆಗಳೂ ಇವೆ, ಸಂಗ್ರಹಾಲಯವೂ ಇದೆ. ನಾಗನಾಥಕೊಳ್ಳದ ಲಜ್ಜಾಗೌರಿಯಂಥ ಅಪೂರ್ವ ಶಿಲ್ಪ ಆ ಸಂಗ್ರಹಾಲಯದಲ್ಲಿದೆ. ಅಲ್ಲಿ ತಿಂಗಳಿಗೆ ಒಂದು ದಿನವನ್ನು ಪ್ರತಿ ಮಾಡುವವರ ದಿನವೆಂದು ಘೋಷಿಸಲಿ. ಇಪ್ಪತ್ತೇ ಮಂದಿ ಸಾಕು, ಹೆಸರು ನೋಂದಾಯಿಸಿಕೊಳ್ಳಲಿ. ಒಳಗೆ ಪೆನ್ಸಿಲು, ರಬ್ಬರು, ಹಲಗೆ ಮಾತ್ರ ಇರಲಿ. ನೀರು, ಬಣ್ಣ ಬೇಡವೆಂದರೆ ಬೇಡ. ಕೂರಲು ಒಂದು ಚಾಪೆ ಹಾಕಲಿ. ಅಳತೆ ಮೂಲದ್ದಾಗಿರಬಾರದು, ಹಾಳೆಯ ಹಿಂದೆ ಮೂಲಕೃತಿಯ ಹೆಸರು, ಸ್ಥಳ, ಕಾಲ ಬರೆದು ಮೊಹರು ಹಾಕಿಸಬೇಕು ಎಂಬ ನಿಯಮವಿರಲಿ. ಮೈಸೂರು, ಬೆಂಗಳೂರು, ವಿಜಯಪುರದ ಸಂಗ್ರಹಾಲಯಗಳಿಗೂ ಇದೇ ಮಾತು. ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ಒಂದು ಸುತ್ತೋಲೆ, ಒಂದು ರಿಜಿಸ್ಟರು, ಒಂದು ಮೊಹರು ಸಾಕು.

ಕಲಾಶಾಲೆಗಳ ಅಧ್ಯಾಪಕ ಮಿತ್ರರಲ್ಲಿಯೂ ಒಂದು ವಿನಂತಿ. ಮೊದಲ ವರ್ಷದ ವಿದ್ಯಾರ್ಥಿಯಿಂದ ಸ್ವಂತಿಕೆಯನ್ನು ಕೇಳಬೇಡಿ; ಗಮನವನ್ನು ಕೇಳಿ. ಪ್ರತಿಯನ್ನು ತಂದರೆ ಅಡ್ಡಗೆರೆ ಎಳೆಯಬೇಡಿ. ಎಲ್ಲಿ ಸರಿಯಾಗಿ ಕಂಡಿದ್ದಾನೆ, ಎಲ್ಲಿ ಕಂಡಿಲ್ಲ ಎಂಬುದನ್ನು ತೋರಿಸಿಕೊಡಿ. ಇದು ನಿಮ್ಮಿಂದ ಸಾಧ್ಯವಾಗಬೇಕಾದರೆ ನೀವೂ ಮೂಲದ ಎದುರು ಕುಳಿತಿರಬೇಕು.

ಇನ್ನು ನಿಮ್ಮ ಸರದಿ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ, ಕಡಲಾಚೆಯ ದೇಶಗಳಲ್ಲಿ ಇರುವ ನನ್ನ ವಿದ್ಯಾರ್ಥಿಗಳೇ, ನಿಮ್ಮ ಊರಿನ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಎಲ್ಲ ಕೋಣೆಗಳನ್ನೂ ಸುತ್ತಿಸಬೇಡಿ. ಒಂದೇ ಚಿತ್ರ ಆರಿಸಿಕೊಳ್ಳಿ. ಅದರ ಮುಂದೆ ಒಂದು ತಾಸು ಹಾಳೆ-ಪೆನ್ಸಿಲು ಕೊಟ್ಟು ಕೂರಿಸಿ, ನೀವೂ ಕುಳಿತುಕೊಳ್ಳಿ. ಯಾರಾದರೂ ಎಬ್ಬಿಸಲು ಬಂದರೆ ಯಾವ ನಿಯಮವೆಂದು ವಿನಯದಿಂದ ಕೇಳಿ. ಲಿಖಿತ ಉತ್ತರ ಬೇಡಿ. ಊರಲ್ಲಿರುವವರು ಬಾದಾಮಿಯ ಬೇಡಿಕೆಗೆ ಸಹಿ ಹಾಕಲು ನಮ್ಮ ಮನೆಗೆ ಬನ್ನಿ. ಅರ್ಜಿ ಬರೆದು ಸಿದ್ಧವಾಗಿದೆ. ಇಲಾಖೆಗೊಂದು, ಜಿಲ್ಲಾಧಿಕಾರಿಗಳಿಗೊಂದು, ನಮ್ಮ ಕಡತಕ್ಕೊಂದು. ಮೂರು ಪ್ರತಿಗಳನ್ನೂ ನಾನೇ ಕೈಯಾರೆ ಬರೆದಿದ್ದೇನೆ.